ಬಟನ್ ಒತ್ತಿದರೂ ಫೋನ್ ಓಗೊಡದಾಗ

ಈ ಸಲದ ಪ್ರಶ್ನೆ ಬೆಳಗಾವಿಯ ವಡಗಾವಿಯಿಂದ ಬಂದಿದೆ. ಬರೆದ ಅಕ್ಕನ ಮಾತನ್ನು ಇದ್ದ ಹಾಗೇ ಕೊಡುತ್ತೇನೆ.

"ನಮ್ಮ ಮನ್ಯಾಗ ಎರಡು ಮಗ್ಗ ಅದಾವ್ರಿ. ಯಜಮಾನ್ರ ಫೋನಿನ ಬಾಜೂಕಿನ ಬಟನ್ ಒಂದ್ ತಿಂಗಳಿಂದ ಹಟ ಹಿಡದೈತಿ. ಒಮ್ಮೆ ಒತ್ತಿದ್ರ ಹತ್ತತೈತಿ, ಒಮ್ಮೆ ನಾಕ್ ಸಲ ಒತ್ತಿದ್ರೂ ಹತ್ತಂಗಿಲ್ಲ. ಸೌಂಡ್ ಬಟನ್ನೂ ಹಂಗ. ಸೀರಿ ಡಿಸೈನ್ ಫೋಟೋ, ಸಾವ್ಕಾರ್ರ ಲೆಕ್ಕ, ಮಗಳ ಕಾಲೇಜಿನ ಮೆಸೇಜ್ ಎಲ್ಲಾ ಅದರಾಗ ಅದಾವು. ಅಂಗಡ್ಯಾವ್ರು ನೋಡಿ, ಬೋರ್ಡ್ ಹೋಗೈತಿ, ಹೊಸಾದ್ ತಗೋರಿ ಅಂದ್ರು. ಖರೇನ ಹೋಗೈತೇನ್ರಿ?"

ಅಕ್ಕಾರ, ಕೈಯಲ್ಲಿ ಹಿಡಿದು ನೋಡದೆ ಯಾರೂ ಖಾತ್ರಿ ಹೇಳೋಕಾಗಲ್ಲ. ಆದರೆ ನೀವು ಬರೆದ ಒಂದು ಮಾತು ಆಸೆ ಹುಟ್ಟಿಸುತ್ತದೆ. "ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ಲ" ಅಂದಿದ್ದೀರಿ. ಹೀಗೆ ಆಟವಾಡಿಸುವ ಬಟನ್ನಿನ ಹಿಂದೆ ಹೆಚ್ಚಾಗಿ ಇರುವುದು ಕೊಳೆ, ತೇವ ಅಥವಾ ಸವಕಲು. ಬೋರ್ಡಿನ ಮಾತು ಆಮೇಲಿನದು. ಹೊಸ ಫೋನಿಗೆ ದುಡ್ಡು ಹೊಂದಿಸುವ ಮೊದಲು ಮನೆಯಲ್ಲೇ ಮಾಡಿ ನೋಡುವ ಕೆಲಸಗಳಿವೆ. ಅವನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ಮಾತ್ರ ತಪ್ಪಿಸಬೇಡಿ, ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಮೊದಲ ಕೆಲಸ: ಫೋನ್ ಆಫ್ ಮಾಡಬೇಡಿ

ಏನೇ ತೊಂದರೆ ಬಂದರೂ "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅನ್ನೋದು ನಮ್ಮೆಲ್ಲರ ಬಾಯಿಪಾಠ. ಪವರ್ ಬಟನ್ ಕೈಕೊಡುತ್ತಿರುವ ಫೋನಿಗೆ ಆ ಮಾತು ಹೊಂದುವುದಿಲ್ಲ. ಆಫ್ ಮಾಡೋದು ಸುಲಭ. ಮತ್ತೆ ಆನ್ ಮಾಡೋದಕ್ಕೆ ಬೇಕಾದದ್ದು ಅದೇ ಬಟನ್. ಆ ಹೊತ್ತಿಗೆ ಅದು ಪೂರ್ತಿ ಮಲಗಿಬಿಟ್ಟರೆ ಒಳಗಿನ ಫೋಟೋ, ಲೆಕ್ಕ, ನಂಬರು ಎಲ್ಲ ಒಳಗೇ ಉಳಿಯುತ್ತವೆ.

ಚಾರ್ಜ್ ಪೂರ್ತಿ ಖಾಲಿಯಾಗಲು ಬಿಡುವುದೂ ಅಷ್ಟೇ ಅಪಾಯ. ಐಫೋನ್ ಚಾರ್ಜರ್ ಹಾಕಿದರೆ ತಾನಾಗಿಯೇ ಶುರುವಾಗುತ್ತದೆ. ಆದರೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಪರದೆ ಮೇಲೆ ಬ್ಯಾಟರಿಯ ಚಿತ್ರ ತೋರಿಸಿ ಸುಮ್ಮನಾಗುತ್ತವೆ, ಬಟನ್ ಒತ್ತುವ ತನಕ ಏಳುವುದಿಲ್ಲ. ಹಾಗಾಗಿ ಬಟನ್ ಸರಿಯಾಗುವವರೆಗೆ ಚಾರ್ಜನ್ನು 30ರ ಕೆಳಗೆ ಇಳಿಸಬೇಡಿ. ರಾತ್ರಿ ಕರೆಂಟು ಹೋಗುವ ಊರಾದರೆ ಸಂಜೆಯೇ ತುಂಬಿಸಿಡಿ.

ಇನ್ನು ಗಂಟು ಕಟ್ಟುವ ಕೆಲಸ. ಫೋಟೋಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಿ, ಇಲ್ಲವೇ ಮಗಳ ಫೋನಿಗೋ ಪರಿಚಯದವರ ಕಂಪ್ಯೂಟರಿಗೋ ನಕಲು ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ಒತ್ತಿ. ಫೋನ್ ನಂಬರುಗಳು ಗೂಗಲ್ ಖಾತೆಯಲ್ಲಿ ಉಳಿದಿವೆಯೋ ನೋಡಿ. ಆ ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಸಾಹುಕಾರರ ಲೆಕ್ಕದ ಮುಖ್ಯ ಸಂಖ್ಯೆಗಳನ್ನು ಒಂದು ಪಟ್ಟಿ ಪುಸ್ತಕದಲ್ಲಿ ಬರೆದಿಡಿ. ಇಷ್ಟು ಆದ ಮೇಲೆ ಬಟನ್ ಹೋದರೂ ಹೋಗೋದು ಬಟನ್ ಒಂದೇ.

ಬಟನ್ ಸರಿಯಾಗೇ ಇರಬಹುದು

ಬಹಳ ಮಂದಿ "ಬಟನ್ ಕೆಟ್ಟಿದೆ" ಅಂತ ತಂದ ಫೋನಿನಲ್ಲಿ ಬಟನ್ ಚೆನ್ನಾಗೇ ಇರುತ್ತದೆ, ಅದು ಮಾಡುವ ಕೆಲಸ ಬದಲಾಗಿರುತ್ತದೆ. ಇಂಥ ಮೂರು ಸಂಗತಿಗಳನ್ನು ಮೊದಲೇ ನೋಡಿಬಿಡಿ.

ಒಂದು, ಪವರ್ ಬಟನ್ ಒತ್ತಿ ಹಿಡಿದರೂ ಫೋನ್ ಆಫ್ ಆಗುವ ಆಯ್ಕೆ ಬರುವುದಿಲ್ಲ, ಬದಲಿಗೆ "ಏನು ಸಹಾಯ ಬೇಕು" ಅಂತ ಒಂದು ಧ್ವನಿ ಕೇಳುತ್ತದೆ. ಇತ್ತೀಚಿನ ಹಲವು ಫೋನುಗಳಲ್ಲಿ ಉದ್ದ ಒತ್ತಿದರೆ ಸಹಾಯಕ ಆ್ಯಪ್ ತೆರೆಯುವಂತೆ ಕಂಪನಿಯವರೇ ಹೊಂದಿಸಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಪವರ್ ಬಟನ್ ಅಥವಾ ಸೈಡ್ ಬಟನ್ ಅಂತ ಹುಡುಕಿದರೆ ಅದನ್ನು ಪವರ್ ಮೆನುಗೆ ಬದಲಾಯಿಸಬಹುದು.

ಎರಡು, ಸೌಂಡ್ ಬಟನ್ ಒತ್ತಿದರೂ ರಿಂಗು ಜೋರಾಗುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಈ ಬಟನ್ ಸಾಮಾನ್ಯವಾಗಿ ಹಾಡು, ವಿಡಿಯೋಗಳ ಸದ್ದನ್ನು ಬದಲಿಸುತ್ತದೆ, ರಿಂಗಿನದನ್ನಲ್ಲ. ಒತ್ತಿದಾಗ ಪರದೆಯ ಅಂಚಿನಲ್ಲಿ ಪಟ್ಟಿ ಮೂಡುತ್ತದಲ್ಲ, ಅದು ಮೂಡಿತು ಅಂದರೆ ಬಟನ್ ಬದುಕಿದೆ ಎಂದರ್ಥ. ಆ ಪಟ್ಟಿಯ ಕೆಳಗಿನ ಚಿಹ್ನೆ ಮುಟ್ಟಿದರೆ ರಿಂಗು, ಅಲಾರಂ ಎಲ್ಲದರ ಸದ್ದೂ ಬೇರೆ ಬೇರೆಯಾಗಿ ಕಾಣುತ್ತದೆ. ಐಫೋನಿನಲ್ಲಿ ಸೌಂಡ್ಸ್ ವಿಭಾಗದೊಳಗೆ "ಚೇಂಜ್ ವಿತ್ ಬಟನ್ಸ್" ಅನ್ನುವ ಆಯ್ಕೆ ಆಫ್ ಇದ್ದರೆ ರಿಂಗು ಬಟನ್ನಿಗೆ ಬಗ್ಗುವುದಿಲ್ಲ.

ಮೂರು, ಹಿಂದಿನ ಕವರು. ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲರೂ ಮರೆಯುವುದೂ ಇದನ್ನೇ. ಬಜಾರಿನಲ್ಲಿ ತಗೊಂಡ ಅಗ್ಗದ ಕವರು ಅಳತೆಗೆ ಒಂದು ಕೂದಲೆಳೆ ತಪ್ಪಿದರೂ ಸಾಕು. ಒಂದೋ ಬಟನ್ ಮೇಲೆ ಸದಾ ಒತ್ತುತ್ತಿರುತ್ತದೆ, ಇಲ್ಲವೇ ನಿಮ್ಮ ಬೆರಳಿನ ಒತ್ತಡ ಬಟನ್ನಿಗೆ ತಲುಪುವುದೇ ಇಲ್ಲ. ಕವರು ತೆಗೆದು ಒಂದು ದಿನ ಪೂರ್ತಿ ಬಳಸಿ ನೋಡಿ. ಬಟನ್ ಸರಿಯಾದರೆ ಕವರು ಬದಲಿಸಿ, ಕಥೆ ಅಲ್ಲಿಗೇ ಮುಗಿಯಿತು.

ಒಳಗೆ ಇರುವುದೇನು?

ಕವರು ತೆಗೆದರೂ ಹಟ ಹಾಗೇ ಇದ್ದರೆ ಬಟನ್ನಿನ ಒಳಗಿನ ಸಂಗತಿ ಸ್ವಲ್ಪ ತಿಳಿದಿರಬೇಕು. ಹೊರಗೆ ಕಾಣುವ ಪಟ್ಟಿ ಬರೀ ಟೊಪ್ಪಿಗೆ. ಅದರ ಹಿಂದೆ ಒಂದು ಸಣ್ಣ ಲೋಹದ ಬಟ್ಟಲನ್ನು ಬೋರಲು ಹಾಕಿದಂತೆ ಇರುತ್ತದೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ನೀವು ಒತ್ತಿದಾಗ ಆ ಬಟ್ಟಲು ಒಳಕ್ಕೆ ಬಗ್ಗಿ ಕೆಳಗಿನ ಎರಡು ತುದಿಗಳನ್ನು ಜೋಡಿಸುತ್ತದೆ, ಬಿಟ್ಟಾಗ ಪುಟಿದು ಮೇಲೇಳುತ್ತದೆ. ಬೆರಳಿಗೆ ಸಿಗುವ "ಟಿಕ್" ಅನ್ನೋದು ಈ ಬಗ್ಗುವಿಕೆಯೇ. ಅಲ್ಲಿಂದ ಕಾಗದದಷ್ಟು ತೆಳುವಾದ ಪಟ್ಟಿಯೊಂದು ಸಂಕೇತವನ್ನು ಮುಖ್ಯ ಬೋರ್ಡಿಗೆ ಒಯ್ಯುತ್ತದೆ. ಅಂಗಡಿಯವರು ಇದನ್ನು ಸ್ಟ್ರಿಪ್ ಅಥವಾ ಫ್ಲೆಕ್ಸ್ ಅನ್ನುತ್ತಾರೆ.

ಇಷ್ಟು ಗೊತ್ತಿದ್ದರೆ ನಿಮ್ಮ ಹೆಬ್ಬೆರಳೇ ಅರ್ಧ ಪರೀಕ್ಷೆ ಮಾಡಿ ಮುಗಿಸುತ್ತದೆ.

ಒತ್ತಿದಾಗ ಟಿಕ್ ಅನ್ನುತ್ತದೆ, ಆದರೆ ಫೋನ್ ಓಗೊಡುವುದಿಲ್ಲ. ಆಗ ಬಟ್ಟಲು ಬಗ್ಗುತ್ತಿದೆ, ತುದಿಗಳು ಸೇರುತ್ತಿಲ್ಲ. ತುದಿಗೆ ತೇವ ಹಿಡಿದು ಕಿಲುಬು ಬಂದಿರಬಹುದು, ಪಟ್ಟಿ ಸಡಿಲಾಗಿರಬಹುದು. ಸಾಫ್ಟ್‌ವೇರ್ ಗೊಂದಲವೂ ಇರಬಹುದು.

ಟಿಕ್ ಅನ್ನುವುದೇ ಇಲ್ಲ, ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಮೆತ್ತಗಿದೆ. ಬಟ್ಟಲು ಸವೆದಿದೆ, ಇಲ್ಲವೇ ಟೊಪ್ಪಿಗೆ ಮತ್ತು ಬಟ್ಟಲಿನ ನಡುವೆ ಕೊಳೆ ತುಂಬಿಕೊಂಡಿದೆ.

ಒತ್ತಿದ್ದು ಒಳಗೇ ಕೂತಿತು, ಮೇಲೆ ಬರಲಿಲ್ಲ. ಅಂಟು, ಧೂಳು ಅಥವಾ ಕೆಳಗೆ ಬಿದ್ದು ಬಗ್ಗಿದ ಅಂಚು. ಇಂಥ ಫೋನಿನ ಚೇಷ್ಟೆಗಳು ಬೇರೆಯೇ. ಸೌಂಡ್ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಫೋನ್ ಶುರುವಾಗುವಾಗ ಕೆಳಗಿನ ಸೌಂಡ್ ಬಟನ್ ಒತ್ತಿಕೊಂಡೇ ಇದ್ದರೆ ಪರದೆಯ ಮೂಲೆಯಲ್ಲಿ "ಸೇಫ್ ಮೋಡ್" ಅಂತ ಬರುತ್ತದೆ. ಎರಡೂ ಸೌಂಡ್ ಬಟನ್ ಒಟ್ಟಿಗೆ ಮೂರು ಸೆಕೆಂಡು ಒತ್ತಿದಂತಾದರೆ ಕೆಲವು ಫೋನುಗಳಲ್ಲಿ ಕಣ್ಣು ಕಾಣದವರಿಗಾಗಿ ಇಟ್ಟ ಟಾಕ್‌ಬ್ಯಾಕ್ ಶುರುವಾಗಿ, ಮುಟ್ಟಿದ್ದನ್ನೆಲ್ಲ ಓದಿ ಹೇಳತೊಡಗುತ್ತದೆ. ಮನೆಯ ಹಿರಿಯರು "ಫೋನಿಗೆ ಏನೋ ಹೊಕ್ಕೈತಿ, ತಾನ ಮಾತಾಡತೈತಿ" ಅಂತ ಹೆದರುವುದು ಇದಕ್ಕೇ. ಅದೇ ಎರಡು ಬಟನ್ ಮತ್ತೆ ಮೂರು ಸೆಕೆಂಡು ಒತ್ತಿದರೆ ಅದು ಬಾಯಿ ಮುಚ್ಚುತ್ತದೆ.

ಪವರ್ ಮತ್ತು ಸೌಂಡ್ ಎರಡೂ ಒಂದೇ ಹೊತ್ತಿಗೆ ಹೋದವು. ಬಹಳ ಫೋನುಗಳಲ್ಲಿ ಎರಡೂ ಒಂದೇ ಪಟ್ಟಿಯ ಮೇಲೆ ಕೂತಿರುತ್ತವೆ, ಹಾಗಾಗಿ ಅನುಮಾನ ಆ ಪಟ್ಟಿಯ ಮೇಲೆ. ವಡಗಾವಿಯ ಅಕ್ಕನ ಫೋನಿನ ಲಕ್ಷಣ ಇದೇ. ಕೊಳೆ ತೆಗೆದರೂ ಸರಿಹೋಗದಿದ್ದರೆ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಸ್ಟ್ರಿಪ್ ಬದಲಿಸಿ ನೋಡಿದ್ರೇನು?" ಎಂಬುದು.

ಕೊನೆಯ ಲಕ್ಷಣ ಎಚ್ಚರಿಕೆಯದು. ಫೋನಿನ ಹಿಂಭಾಗ ಉಬ್ಬಿದೆ, ಅಥವಾ ಪರದೆಯ ಅಂಚು ಮೇಲೆದ್ದಿದೆ, ಬಟನ್ ಬಿಗಿಯಾಗಿದೆ. ಆಗ ಕೆಟ್ಟಿರುವುದು ಬ್ಯಾಟರಿ. ಅದು ಊದಿಕೊಂಡು ಒಳಗಿನಿಂದ ಒತ್ತುತ್ತಿದೆ. ಈ ಒಂದು ಪ್ರಸಂಗದಲ್ಲಿ ಮೇಲೆ ಹೇಳಿದ ಯಾವ ಕ್ರಮವೂ ಬೇಡ. ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ನೋಡಬೇಡಿ, ಹಾಸಿಗೆಯ ಹತ್ತಿರ ಇಡಬೇಡಿ. ಆಫ್ ಮಾಡಿ ನೇರ ಅಂಗಡಿಗೆ ಒಯ್ಯಿರಿ. ಊದಿದ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ.

ನಮ್ಮೂರ ಗಾಳಿ, ನಮ್ಮೂರ ಮಳೆ

ಫೋನ್ ಒಂದೇ ಕಂಪನಿಯದಾದರೂ ಊರಿಗೆ ತಕ್ಕ ಹಾಗೆ ಅದರ ಕಾಯಿಲೆ ಬೇರೆ. ವಡಗಾವಿ, ಖಾಸಬಾಗ, ಶಹಾಪುರದ ಮಗ್ಗದ ಮನೆಗಳಲ್ಲಿ ಗಾಳಿಯಲ್ಲೇ ನೂಲಿನ ಎಳೆ ತೇಲುತ್ತಿರುತ್ತದೆ. ಲಾಳಿ ಓಡಿದಂತೆಲ್ಲ ಸಣ್ಣ ಸಣ್ಣ ನಾರು ಉದುರುತ್ತದೆ, ಹಾಸಿನ ನೂಲಿಗೆ ಹಾಕಿದ ಗಂಜಿ ಪುಡಿಯಾಗಿ ಹಾರುತ್ತದೆ, ಕೈಗೆ ಮಷೀನಿನ ಎಣ್ಣೆ ಹತ್ತಿರುತ್ತದೆ. ಎಣ್ಣೆಗೈಯಲ್ಲಿ ಬಟನ್ ಒತ್ತಿದರೆ ಎಣ್ಣೆಯ ಪಸೆ ಅಂಚಿನಲ್ಲಿ ಉಳಿಯುತ್ತದೆ, ನಾರೂ ಗಂಜಿಯ ಪುಡಿಯೂ ಅದಕ್ಕೆ ಅಂಟಿ ಬತ್ತಿಯ ಹಾಗೆ ಗಟ್ಟಿಯಾಗುತ್ತವೆ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಫೋನನ್ನು ಮಡಿಲಲ್ಲಿ, ಸೊಂಟದ ಸೆರಗಿನಲ್ಲಿ ಸಿಕ್ಕಿಸಿಕೊಳ್ಳುವುದರಿಂದ ಬೆವರು ಅದಕ್ಕೆ ಸೇರುತ್ತದೆ. ಬೆವರಿನಲ್ಲಿ ಉಪ್ಪಿದೆ, ಉಪ್ಪು ಲೋಹಕ್ಕೆ ಶತ್ರು.

ಖಾನಾಪುರದ ಕಡೆ ಕಥೆ ಬೇರೆ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಗೋಡೆಗೇ ಬೂಷ್ಟು ಬರುವಾಗ ಫೋನಿನ ಸಂದಿಗೆ ತೇವ ಇಳಿಯದೆ ಇರುತ್ತದೆಯೇ? ಬೇಸಿಗೆಯಲ್ಲಿ ಅದೇ ತಾಲೂಕಿನ ಹೆಂಚು, ಇಟ್ಟಿಗೆಯ ಭಟ್ಟಿಗಳ ಕೆಂಪು ಧೂಳು. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಫೋನಿನ ಸಂದಿಯಲ್ಲಿ ಭಂಡಾರ. ಹಬ್ಬದ ಮನೆಯಲ್ಲಿ ಕುಂದಾ ತಿಂದ ಕೈ. ಸಕ್ಕರೆ ಪಾಕ ಒಣಗಿದರೆ ಗೋಂದಿಗಿಂತ ಗಟ್ಟಿ.

"ನಮ್ಮದು ವಾಟರ್‌ಪ್ರೂಫ್ ಅದ" ಅನ್ನುವವರಿಗೂ ಒಂದು ಮಾತು. ಐಪಿ67, ಐಪಿ68 ಅನ್ನುವುದು ಹೊಸ ಫೋನನ್ನು ಪ್ರಯೋಗಾಲಯದ ನಿಂತ ನೀರಿನಲ್ಲಿ ಅದ್ದಿ ಕೊಟ್ಟ ಅಂಕ. ಐಪಿ67 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಫೋನ್ ಹಳೆಯದಾದಂತೆ, ಕೆಳಗೆ ಬಿದ್ದಂತೆ ಒಳಗಿನ ರಬ್ಬರು, ಅಂಟು ಸಡಿಲಾಗುತ್ತವೆ. ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಿಗಂತೂ ಆ ಅಂಕವನ್ನು ನಂಬಬೇಡಿ.

ಸ್ವಚ್ಛ ಮಾಡುವ ಬಗೆ

ಬೇಕಾದದ್ದು ಮೆತ್ತನೆಯ, ಒಣಗಿದ ಹೊಸ ಟೂತ್‌ಬ್ರಷ್ಷು, ಒಂದು ಹತ್ತಿ ಬಟ್ಟೆಯ ತುಂಡು, ಒಳ್ಳೆಯ ಬೆಳಕು.

ಕವರು ತೆಗೆಯಿರಿ, ಚಾರ್ಜರ್ ಕಳಚಿ. ಫೋನನ್ನು ಬಟನ್ ಕೆಳಮುಖವಾಗುವಂತೆ ಹಿಡಿಯಿರಿ, ಉದುರಿದ ಕೊಳೆ ಒಳಗೆ ಹೋಗದೆ ಹೊರಗೆ ಬೀಳಲಿ. ಬಟನ್ನಿನ ಸುತ್ತ ಉದ್ದಕ್ಕೆ, ಹಗುರವಾಗಿ ಬ್ರಷ್ ಆಡಿಸಿ. ನಡುನಡುವೆ ಬಟನ್ ಒತ್ತಿ ಬಿಡಿ. ಎರಡು ಮೂರು ನಿಮಿಷ ಹೀಗೆ ಮಾಡಿದರೆ ಮಗ್ಗದ ಮನೆಯ ಫೋನಿನಿಂದ ನೂಲಿನ ಸಣ್ಣ ಬತ್ತಿಯೇ ಹೊರಬಂದೀತು. ಇಷ್ಟಕ್ಕೆ ಫೋನ್ ಆಫ್ ಮಾಡುವ ಅಗತ್ಯವಿಲ್ಲ.

ಅಂಟು ಇದ್ದರೆ ಒಣ ಬ್ರಷ್ಷು ಸಾಲದು. ಔಷಧ ಅಂಗಡಿಯಲ್ಲಿ ಅಥವಾ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಸೀಸೆಯ ಮೇಲೆ 90ಕ್ಕಿಂತ ಹೆಚ್ಚು ಪ್ರತಿಶತ ಇರುವುದನ್ನು ನೋಡಿ ತನ್ನಿ, ಅದರಲ್ಲಿ ನೀರು ಕಡಿಮೆ, ಬೇಗ ಆರುತ್ತದೆ. ಈ ಹಂತಕ್ಕೆ ಫೋನ್ ಆಫ್ ಇರಬೇಕು. ಬ್ಯಾಕಪ್ ಮೊದಲು ಮಾಡಿ ಅಂದದ್ದು ಇದಕ್ಕೇ. ಬಟನ್ ಆಗೊಮ್ಮೆ ಈಗೊಮ್ಮೆಯಾದರೂ ಹತ್ತುತ್ತಿದ್ದರೆ ಮಾತ್ರ ಆಫ್ ಮಾಡಿ ಮುಂದುವರಿಯಿರಿ. ಪೂರ್ತಿ ಸತ್ತಿದ್ದರೆ ಈ ಕೆಲಸ ಅಂಗಡಿಗೇ ಬಿಡಿ. ಬ್ರಷ್ಷಿನ ತುದಿಗೆ ಒಂದೇ ಹನಿ ತಾಗಿಸಿ ಬಟನ್ನಿನ ಅಂಚಿಗೆ ಆಡಿಸಿ, ಇಪ್ಪತ್ತು ಸಲ ಒತ್ತಿ ಬಿಡಿ, ಬಟ್ಟೆಯಿಂದ ಒರೆಸಿ. ಫ್ಯಾನಿನ ಗಾಳಿಗೆ ಅರ್ಧ ಗಂಟೆ ಇಟ್ಟು ಆಮೇಲೆ ಆನ್ ಮಾಡಿ. ಅದು ಬೆಂಕಿ ಹಿಡಿಯುವ ದ್ರವ. ಒಲೆ, ದೇವರ ದೀಪದ ಹತ್ತಿರ ಬೇಡ.

ಮಾಡಬಾರದ್ದರ ಪಟ್ಟಿ ಇನ್ನೂ ಮುಖ್ಯ. ಮಗ್ಗಕ್ಕೆ ಬಿಡುವ ಎಣ್ಣೆ, ಹೊಲಿಗೆ ಮಷೀನಿನ ಎಣ್ಣೆ, ಕೊಬ್ಬರಿ ಎಣ್ಣೆ ಬಿಡಬೇಡಿ. ಬಿಟ್ಟ ದಿನ ಬಟನ್ ಸಲೀಸಾಗುತ್ತದೆ, ವಾರ ಕಳೆದ ಮೇಲೆ ಇದ್ದಬದ್ದ ಧೂಳನ್ನೆಲ್ಲ ಎಳೆದುಕೊಂಡು ಮೊದಲಿಗಿಂತ ಬಿಗಿಯಾಗುತ್ತದೆ. ಸೀಮೆ ಎಣ್ಣೆ, ಪೆಟ್ರೋಲು ರಬ್ಬರನ್ನು ತಿನ್ನುತ್ತವೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಅಂಟು ಪದಾರ್ಥ, ಪರಿಮಳ ಇರುತ್ತವೆ. ಸೂಜಿ, ಪಿನ್ನು ಹಾಕಿ ಕೆದಕಿದರೆ ಒಳಗಿನ ರಬ್ಬರು ಹರಿಯುತ್ತದೆ. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಹೋಗುತ್ತದೆ. ಮಗ್ಗ ಸ್ವಚ್ಛ ಮಾಡುವ ಕಂಪ್ರೆಸರ್ ಗಾಳಿಯನ್ನು ಫೋನಿಗೆ ಹಿಡಿಯಲೇಬೇಡಿ, ಅದರ ರಭಸಕ್ಕೆ ಮೈಕು, ಸ್ಪೀಕರಿನ ಪರದೆ ಹರಿದುಹೋಗುತ್ತದೆ.

ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸುವ ಪದ್ಧತಿಯನ್ನೂ ಬಿಡಿ. ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಅಂತ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ಹೊರಗೆ ಒರೆಸಿ, ಸಿಮ್ ತಟ್ಟೆ ತೆಗೆದು, ಫ್ಯಾನಿನ ಗಾಳಿಗೆ ಇಡಿ. ಬಿಸಿಗಾಳಿಯ ಡ್ರೈಯರ್ ಬೇಡ, ಒಲೆಯ ಕಟ್ಟೆ ಬೇಡ. ಪೂರ್ತಿ ಒಣಗುವ ತನಕ ಚಾರ್ಜರ್ ಸಿಕ್ಕಿಸಬೇಡಿ.

ಸಾಫ್ಟ್‌ವೇರ್ ಅನುಮಾನ ತೀರಿಸಿಕೊಳ್ಳಿ

ಟಿಕ್ ಸರಿಯಾಗಿ ಕೇಳುತ್ತಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬಹುದು. ಇದರಲ್ಲಿ ಫೋನ್ ತಾನೇ ಮತ್ತೆ ಏಳುತ್ತದೆ, ಬಟನ್ ಬೇಕಿಲ್ಲ. ಪರದೆಯನ್ನು ಮೇಲಿನಿಂದ ಎರಡು ಸಲ ಕೆಳಗೆ ಎಳೆದರೆ ಬಹಳ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಚಿಹ್ನೆ ಕಾಣುತ್ತದೆ. ಅಲ್ಲಿ ರೀಸ್ಟಾರ್ಟ್ ಆಯ್ಕೆ ಇದೆ. ಹಲವು ಫೋನುಗಳಲ್ಲಿ ಅದೇ ಜಾಗದಲ್ಲಿ "ಪವರ್ ಆಫ್" ಎಂಬುದನ್ನು ಮುಟ್ಟಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಸೇಫ್ ಮೋಡಿನಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗಿರುತ್ತವೆ. ಅಲ್ಲಿ ಬಟನ್ ಸರಿಯಾಗಿ ನಡೆದರೆ ತಪ್ಪು ಯಾವುದೋ ಆ್ಯಪಿನದು, ಇತ್ತೀಚೆಗೆ ಹಾಕಿದ್ದನ್ನು ಒಂದೊಂದಾಗಿ ತೆಗೆಯಿರಿ. ಅಲ್ಲೂ ಹಟ ಮಾಡಿದರೆ ದೋಷ ಬಟನ್ನಿನದೇ.

ಬಟನ್ ಇಲ್ಲದೆ ದಿನ ದೂಡುವುದು

ರಿಪೇರಿಗೆ ಹೋಗಲು ಪುರಸೊತ್ತಿಲ್ಲ, ಸೀರೆ ಒಪ್ಪಿಸುವ ದಿನ ಹತ್ತಿರ ಬಂದಿದೆ. ಅಲ್ಲಿಯವರೆಗೆ ಸವೆದ ಬಟನ್ನಿಗೆ ವಿಶ್ರಾಂತಿ ಕೊಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ "ಆಕ್ಸೆಸಿಬಿಲಿಟಿ ಮೆನು" ಆನ್ ಮಾಡಿದರೆ ಪರದೆಯ ಮೇಲೊಂದು ಚಿಹ್ನೆ ಬರುತ್ತದೆ. ಅದರೊಳಗೆ ಪರದೆ ಲಾಕ್, ಸೌಂಡ್ ಏರಿಸು ಇಳಿಸು, ಸ್ಕ್ರೀನ್‌ಶಾಟ್ ಎಲ್ಲ ಇವೆ. ಐಫೋನಿನಲ್ಲಿ ಇದೇ ಕೆಲಸಕ್ಕೆ "ಅಸಿಸ್ಟಿವ್ ಟಚ್" ಇದೆ. ಪರದೆ ಎರಡು ಸಲ ತಟ್ಟಿದರೆ ಏಳುವ, ಕೈಗೆತ್ತಿಕೊಂಡರೆ ಏಳುವ ಆಯ್ಕೆಗಳು ಅನೇಕ ಫೋನುಗಳಲ್ಲಿವೆ. ಬೆರಳಚ್ಚು ಓದುವ ಜಾಗ ಪರದೆಯಲ್ಲಿದ್ದರೆ ಅದೂ ಆಗುತ್ತದೆ. ಏನೂ ಇಲ್ಲದಿದ್ದರೆ ಚಾರ್ಜರ್ ಸಿಕ್ಕಿಸಿದಾಗ ಪರದೆ ಹೊತ್ತಿಕೊಳ್ಳುತ್ತದೆ.

ಹೀಗೆ ದಿನ ದೂಡಬಹುದು. ಆದರೆ ತಿಂಗಳುಗಟ್ಟಲೆ ದೂಡಬೇಡಿ. ಅದಕ್ಕೊಂದು ಗಟ್ಟಿ ಕಾರಣವಿದೆ.

ಆಪತ್ತಿನ ಹೊತ್ತಿಗೆ ಇದೇ ಬಟನ್

2016ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಇರಲೇಬೇಕು ಅನ್ನುವ ನಿಯಮ ತಂದಿತು. ಮುಖ್ಯವಾಗಿ ಹೆಣ್ಣುಮಕ್ಕಳ ಸುರಕ್ಷೆಗಾಗಿ ಬಂದದ್ದು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು ಆ ನಿಯಮದ ಕಲ್ಪನೆ. ಈಗಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಐದು ಸಲ ಒತ್ತಬೇಕು. ಕರೆ ಹೋಗುವುದು 112ಕ್ಕೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ಸಂಖ್ಯೆ. ನಿಮ್ಮ ಫೋನಿನಲ್ಲಿ ಎಷ್ಟು ಸಲ ಅನ್ನುವುದನ್ನು ಸೆಟ್ಟಿಂಗ್ಸ್‌ನ "ಸೇಫ್ಟಿ ಅಂಡ್ ಎಮರ್ಜೆನ್ಸಿ" ವಿಭಾಗದಲ್ಲಿ ನೋಡಿ ಇಟ್ಟುಕೊಳ್ಳಿ.

ಕತ್ತಲಲ್ಲಿ ಕೆಲಸ ಮುಗಿಸಿ ಬರುವ ಮಗಳು, ಜಾಂಬೋಟಿ ದಾರಿಯಲ್ಲಿ ಬೈಕು ಜಾರಿದ ಅಣ್ಣ, ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ. ಇವರು ಫೋನ್ ತೆರೆದು, ಲಾಕ್ ಬಿಡಿಸಿ, ನಂಬರು ಹುಡುಕುವ ಸ್ಥಿತಿಯಲ್ಲಿ ಇರುವುದಿಲ್ಲ. ಕೈಗೆ ಸಿಗುವುದು ಆ ಒಂದು ಬಟನ್. ಅದು "ಒಮ್ಮೆ ಹತ್ತತೈತಿ, ಒಮ್ಮೆ ಹತ್ತಂಗಿಲ್ಲ" ಅಂತಿದ್ದರೆ?

ಇದರ ಇನ್ನೊಂದು ಮುಖವೂ ಇದೆ. ಅಂಟಿಕೊಂಡ ಬಟನ್ ತಾನೇ ಒತ್ತಿಕೊಂಡು ಸುಳ್ಳು ಕರೆ ಮಾಡುತ್ತದೆ. 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರು ತಮ್ಮ 999 ಸಹಾಯವಾಣಿಗೆ ಇಂಥ ಮೌನ ಕರೆಗಳು ವಿಪರೀತ ಹೆಚ್ಚಾಗಿವೆ ಎಂದು ಹೇಳಬೇಕಾಯಿತು. ಜೇಬಿನಲ್ಲಿ ಪವರ್ ಬಟನ್ ಐದು ಸಲ ಒತ್ತಿಹೋಗಿ ಹೋದ ಕರೆಗಳವು. ನಿಮ್ಮ ಫೋನಿನಿಂದ ಹಾಗೆ 112ಕ್ಕೆ ಕರೆ ಹೋದರೆ ಹೆದರಿ ಕಟ್ ಮಾಡಬೇಡಿ. "ತಪ್ಪಿ ಹತ್ತಿತು, ಎಲ್ಲಾ ಆರಾಮ ಇದ್ದೀವಿ" ಅಂತ ಹೇಳಿ ಇಡಿ. ಇಲ್ಲದಿದ್ದರೆ ಅವರು ಏನಾಯಿತೋ ಅಂತ ನಿಮ್ಮನ್ನು ಹುಡುಕುತ್ತಾ ಕೂರಬೇಕು, ನಿಜವಾಗಿ ಆಪತ್ತಿನಲ್ಲಿರುವವರ ಕರೆ ಕಾಯಬೇಕು.

ಬಟನ್ ರಿಪೇರಿ ಆಗುವ ತನಕ ಮನೆಯವರಿಗೆಲ್ಲ ಇನ್ನೊಂದು ದಾರಿ ಕಲಿಸಿ. ಲಾಕ್ ಆದ ಪರದೆಯ ಮೇಲೂ "ಎಮರ್ಜೆನ್ಸಿ" ಅಂತ ಇರುತ್ತದೆ, ಪಿನ್ ಹಾಕದೆಯೇ ಅಲ್ಲಿಂದ 112 ಒತ್ತಬಹುದು. ಎರಡು ಸಲ ತಟ್ಟಿದರೆ ಪರದೆ ಏಳುವ ಆಯ್ಕೆ ಆನ್ ಇರಲಿ.

ಅಂಗಡಿಗೆ ಹೋದಾಗ

ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಹೊರಗೆ ಬಿಚ್ಚಿಸಿದ ಮೇಲೆ ಅವರು ಕೈಯೆತ್ತಬಹುದು. ನೀರು ಹೊಕ್ಕ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ.

ಯಾವ ಅಂಗಡಿಯಾದರೂ ಸರಿ, ಕೊಡುವ ಮೊದಲು ಸಿಮ್ಮು, ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ. ಬಟನ್ ಬದಲಿಸಿ ಪರೀಕ್ಷಿಸಲು ಲಾಕ್ ಬಿಡಿಸಬೇಕಾಗಿಲ್ಲ. ಪಿನ್ ಕೇಳಿದರೆ ಎದುರಿಗೆ ನಿಂತು ನೀವೇ ಹಾಕಿ. ಸ್ಯಾಮ್‌ಸಂಗ್‌ನ ಅನೇಕ ಫೋನುಗಳಲ್ಲಿ "ಮೇಂಟೆನೆನ್ಸ್ ಮೋಡ್" ಅಂತ ಇದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವರಿಗೆ ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ಫೋನ್‌ಪೇ, ಗೂಗಲ್ ಪೇ ಇರುವ ಫೋನನ್ನು ಬಿಚ್ಚಿಟ್ಟ ಕಪಾಟಿನ ಹಾಗೆ ಬಿಟ್ಟು ಬರಬೇಡಿ.

ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಕೆಟ್ಟಿದ್ದು ಟೊಪ್ಪಿಗೆಯೋ, ಸ್ಟ್ರಿಪ್ಪೋ, ಬೋರ್ಡೋ? ಹಾಕುವ ಭಾಗ ಕಂಪನಿಯದೋ, ಹೊರಗಿನದೋ? ಒಟ್ಟು ಎಷ್ಟು ಆಗುತ್ತದೆ, ಬರೆದು ಕೊಡುತ್ತೀರಾ? ತೆಗೆದ ಹಳೇ ಭಾಗ ನನಗೆ ಕೊಡುತ್ತೀರಾ? ಕೆಲವು ಫೋನಿನಲ್ಲಿ ಬೆರಳಚ್ಚು ಓದುವ ಭಾಗ ಪವರ್ ಬಟನ್ನಿನೊಳಗೇ ಇರುತ್ತದೆ. ಅಂಥದ್ದಾದರೆ ಬದಲಿಸಿದ ಮೇಲೂ ಬೆರಳಚ್ಚು ಕೆಲಸ ಮಾಡುತ್ತದೆಯೋ ಅಂತ ಅಲ್ಲೇ ನೋಡಿಕೊಳ್ಳಿ. "ಬೋರ್ಡ್ ಹೋಗಿದೆ" ಅಂದವರು ಹೇಗೆ ಗೊತ್ತಾಯಿತು ಅಂತ ತೋರಿಸಲಿ. ಫೋನ್ ಬಿಚ್ಚದೆ, ಸ್ಟ್ರಿಪ್ ಬದಲಿಸಿ ನೋಡದೆ ಹೇಳಿದ ಮಾತಾದರೆ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವುದರಲ್ಲಿ ತಪ್ಪಿಲ್ಲ.

ಕಂಪನಿಗಳ ರಿಪೇರಿ ಮಾಹಿತಿ, ಸರ್ವಿಸ್ ಸೆಂಟರು ಒಂದೇ ಕಡೆ ಸಿಗಲಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು "ರೈಟ್ ಟು ರಿಪೇರ್" ಜಾಲತಾಣ ಶುರು ಮಾಡಿದೆ. ಹಣ ತಗೊಂಡು ಸರಿಯಾಗಿ ಕೆಲಸ ಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೆ ರಸೀದಿ ಬೇಕು, ಆದ್ದರಿಂದ ಬಿಲ್ಲು ಕೇಳಿ ಪಡೆಯಿರಿ.

ಮಗ್ಗಕ್ಕೆ ವಾರಕ್ಕೊಮ್ಮೆ ಧೂಳು ಹೊಡೆಯುವ ಮನೆಯವರಿಗೆ ಈ ಕೆಲಸ ಹೊಸದೇನಲ್ಲ. ಮಗ್ಗ ಒರೆಸುವ ದಿನವೇ ಮನೆಯ ಎಲ್ಲ ಫೋನುಗಳ ಕವರು ಕಳಚಿ, ಅಂಚಿಗೆ ಒಣ ಬ್ರಷ್ಷು ಆಡಿಸಿ, ಬಟನ್ ಟಿಕ್ ಅನ್ನುತ್ತದೆಯೋ ಕೇಳಿಸಿಕೊಳ್ಳಿ. ಕೆಲಸದ ಹೊತ್ತಿನಲ್ಲಿ ಫೋನನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಎಣ್ಣೆಗೈ ಒರೆಸಿಕೊಂಡು ಮುಟ್ಟಿ. ಮಳೆಗಾಲದಲ್ಲಿ ಹೊರಗೆ ಹೋಗುವಾಗ ಜಿಪ್ ಇರುವ ಒಂದು ಪ್ಲಾಸ್ಟಿಕ್ ಚೀಲ ಜೇಬಿನಲ್ಲಿರಲಿ.

ಬರುವ ಸಲ, ಚಾರ್ಜರ್ ಸಿಕ್ಕಿಸಿದರೂ ಹತ್ತದ ಚಾರ್ಜಿಂಗ್ ತೂತಿನ ಬಗ್ಗೆ ಮಾತಾಡೋಣ. ನಿಮ್ಮ ಫೋನಿನ ಲಕ್ಷಣಗಳನ್ನು ಬರೆದು ಕಳಿಸುವಾಗ ಮಾಡೆಲ್ ಹೆಸರು, ಎಷ್ಟು ವರ್ಷ ಹಳೆಯದು, ಕವರು ತೆಗೆದು ನೋಡಿದಿರೋ ಇಲ್ಲವೋ ಅನ್ನುವುದನ್ನು ಮರೆಯದೆ ಬರೆಯಿರಿ.